ತಳಕಾಡುಗೊಂಡ ನಾಣ್ಯ, ಗಂಗಾಚಾರಿಯ ಕಂಬ: ರೂವಾರಿಯ ಹೆಸರು ಎಲ್ಲಿ ಉಳಿಯಿತು?

ಹೊಯ್ಸಳರ ಕಾಲದ ಶಿಲ್ಪಿಗಳ ಬಗ್ಗೆ ಬರೆಯುವಾಗ ನಮ್ಮಲ್ಲಿ ಒಂದು ರೂಢಿ ಬಿದ್ದುಬಿಟ್ಟಿದೆ. ದೇವಸ್ಥಾನ ಚೆನ್ನಾಗಿದ್ದರೆ ಜಕಣಾಚಾರಿ ಅಂತೀವಿ. ವಿಗ್ರಹದ ಪೀಠದ ಮೇಲೆ ಒಂದು ಹೆಸರು ಕಂಡರೆ ಆ ಹೆಸರಿಗೊಂದು ಜೀವನಚರಿತ್ರೆಯನ್ನೇ ಕಟ್ಟಿಬಿಡ್ತೀವಿ. ಬೇಲೂರಿನ ಸಹಿಗಳಲ್ಲಿ ಜಕಣಾಚಾರಿ ಎಂಬ ಹೆಸರಿಲ್ಲ. ಅಲ್ಲಿರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಈ ಮಾತನ್ನು ಇಲ್ಲಿ ಓದುವವರಿಗೆ ಮತ್ತೆ ಹೇಳಬೇಕಾಗಿಲ್ಲ. ಆದರೆ ಸಹಿ ಇರುವ ಶಿಲ್ಪಿಯನ್ನಾದರೂ ನಾವು ಸರಿಯಾಗಿ ಓದುತ್ತಿದ್ದೇವೆಯೇ? ಈ ಬರಹದ ಪ್ರಶ್ನೆ ಅದು.

ಇದಕ್ಕೆ ನಾನು ಆರಿಸಿಕೊಂಡಿರುವುದು ದೊಡ್ಡ ದೇವಾಲಯವನ್ನಲ್ಲ, ಒಂದೇ ತಲೆಮಾರಿನ ಎರಡು ಚಿಕ್ಕ ವಸ್ತುಗಳನ್ನು. ಒಂದು, ವಿಷ್ಣುವರ್ಧನನ ಕಾಲದ ಚಿನ್ನದ ನಾಣ್ಯ. ಇನ್ನೊಂದು, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಚಂದ್ರಗಿರಿಯ ಪಾರ್ಶ್ವನಾಥ ಬಸದಿಯೊಳಗಿರುವ ಸ್ಮಾರಕ ಕಂಬ. ನಾಣ್ಯವೂ ಸ್ಮಾರಕವೂ ನೆನಪನ್ನು ಊರ ಮುಂದೆ ಇಡುವ ಕೆಲಸವೇ. ಒಂದು ಕೈಯಿಂದ ಕೈಗೆ ಓಡಾಡುತ್ತೆ, ಇನ್ನೊಂದು ನಿಂತಲ್ಲೇ ನಿಂತಿರುತ್ತೆ.

ಏಳು ಅಕ್ಷರದ ವಿಜಯ

ಮೊದಲು ನಾಣ್ಯ. ತೂಕ ಸುಮಾರು 4 ಗ್ರಾಂ. ಒಂದು ಮುಖದಲ್ಲಿ ಕೇಸರವುಳ್ಳ ಸಿಂಹ, ಅದರ ಮೇಲೆ ಇನ್ನೊಂದು ಚಿಕ್ಕ ಸಿಂಹ, ಜೊತೆಗೆ ಸೂರ್ಯ ಚಂದ್ರ. ಇನ್ನೊಂದು ಮುಖದಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಮೂರು ಸಾಲಿನಲ್ಲಿ ಕನ್ನಡ: ಶ್ರೀ ತಳಕಾಡುಗೊಂಡ. ಇದೇ ಮಾದರಿಯ ಮತ್ತೊಂದು ನಾಣ್ಯದಲ್ಲಿ ಶ್ರೀ ನೊಣಂಬವಾಡಿಗೊಂಡ ಎಂದಿದೆ. ಚೋಳರ ಕೈಯಿಂದ ತಳಕಾಡನ್ನು ಕಿತ್ತುಕೊಂಡದ್ದು 1116ರ ಹೊತ್ತಿಗೆ. ಮರುವರ್ಷ, 1117ರಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ಅಂದರೆ ಒಂದೇ ಗೆಲುವು ಒಂದು ಕಡೆ ಇಡೀ ದೇವಾಲಯವಾಯಿತು, ಇನ್ನೊಂದು ಕಡೆ ಏಳು ಅಕ್ಷರವಾಯಿತು.

ಇಂಜಿನಿಯರ್ ಕಣ್ಣಿಗೆ ನನಗೆ ಹೆಚ್ಚು ಇಷ್ಟವಾಗುವುದು ಆ ಏಳು ಅಕ್ಷರ. ಜಾಗ ಎಷ್ಟಿದೆ ನೋಡಿ: ಬೆರಳ ತುದಿಯಷ್ಟು. ತಳಕಾಡುಗೊಂಡಕ್ಕೆ ಶ್ರೀಕಾರ ಸೇರಿ ಏಳು ಅಕ್ಷರ, ನೊಣಂಬವಾಡಿಗೊಂಡಕ್ಕೆ ಎಂಟು. ಅಚ್ಚು ಕೊರೆಯುವವನು ಪದವನ್ನು ಅರ್ಥ ನೋಡಿ ಒಡೆಯುವ ಹಾಗಿಲ್ಲ, ಜಾಗ ನೋಡಿ ಒಡೆಯಬೇಕು. ಜೊತೆಗೆ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ, ಒಳಕ್ಕೆ ಕೊರೆಯಬೇಕು. ಆಗ ಮಾತ್ರ ಚಿನ್ನದ ಮೇಲೆ ಅವು ನೇರವಾಗಿ, ಉಬ್ಬಾಗಿ ಬರುತ್ತವೆ. ಕಲ್ಲಿನಲ್ಲಿ ನೇರ ಬರೆದು ನೇರ ಕೊರೆಯುವವನ ಕೈ ಅಭ್ಯಾಸವೇ ಬೇರೆ, ಇದರ ಅಭ್ಯಾಸವೇ ಬೇರೆ.

ಇನ್ನೊಂದು ಸಂಗತಿ. ಈ ನಾಣ್ಯದಲ್ಲಿ ರಾಜನ ಹೆಸರೇ ಇಲ್ಲ. ಇಸವಿಯೂ ಇಲ್ಲ. ಬಿರುದು ಒಂದೇ. ಇದು ವಿಷ್ಣುವರ್ಧನನದು ಅಂತ ನಮಗೆ ಗೊತ್ತಾದದ್ದು ಅವನನ್ನು ತಳಕಾಡುಗೊಂಡ ಎಂದು ಕರೆಯುವ ಕಲ್ಲಿನ ಶಾಸನಗಳಿಂದ. ಕಲ್ಲು ಇಲ್ಲದಿದ್ದರೆ ಈ ಚಿನ್ನ ಮೂಕ. ರಾಜನ ಹೆಸರಿಗೇ ಜಾಗವಿಲ್ಲದ ಕಡೆ ಅಚ್ಚು ಕೊರೆದವನ ಹೆಸರನ್ನು ಹುಡುಕುವುದು ಹೇಗೆ?

ಗೆದ್ದವನ ಮನೆಯ ಸ್ಮಾರಕಗಳು

ಈಗ ನಾಣ್ಯದಿಂದ ಚಂದ್ರಗಿರಿಗೆ ಹೋಗೋಣ. ಇದು ದೂರದ ನೆಗೆತವಲ್ಲ. ತಳಕಾಡನ್ನು ನಿಜವಾಗಿ ಗೆದ್ದುಕೊಟ್ಟ ದಂಡನಾಯಕ ಗಂಗರಾಜ. ಅದೇ ಗಂಗರಾಜ ಗೊಮ್ಮಟನ ಸುತ್ತ ಸುತ್ತಾಲಯ ಕಟ್ಟಿಸಿದವನು, ತಾಯಿ ಪೋಚಿಕಬ್ಬೆಗಾಗಿ ಕತ್ತಲೆ ಬಸದಿ ಮಾಡಿಸಿದವನು, ಹೆಂಡತಿ ಲಕ್ಷ್ಮೀಮತಿ ತೀರಿಕೊಂಡಾಗ ಇದೇ ಬೆಟ್ಟದಲ್ಲಿ ನಿಸಿಧಿ ನಿಲ್ಲಿಸಿದವನು. ಅವನು ತೀರಿಕೊಂಡ ಮೇಲೆ 1133ರಲ್ಲಿ ಮಗ ಬೊಪ್ಪ ಹಳೇಬೀಡಿನಲ್ಲಿ ಅವನ ನೆನಪಿಗೆ ಬಸದಿ ಕಟ್ಟಿಸಿದ. ನಾಣ್ಯದ ಮೇಲೆ ಯಾರ ಗೆಲುವು ಅಚ್ಚಾಯಿತೋ ಅವರ ಮನೆಯ ಸಾವುಗಳೇ ಚಂದ್ರಗಿರಿಯ ಕಲ್ಲುಗಳಲ್ಲಿವೆ.

ಆ ಕಾಲದಲ್ಲಿ ಬೆಳಗೊಳ ಒಂದು ದೊಡ್ಡ ಸ್ಮಾರಕ ಕಾರ್ಯಾಗಾರ. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಇಲ್ಲಿನ ಶಾಸನಗಳು 144. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಅದರಲ್ಲಿ ದೊಡ್ಡ ಪಾಲು ಸತ್ತವರ ನೆನಪು. ಬೇಡಿಕೆ ಇದ್ದ ಕಡೆ ಕಸುಬು ಬೆಳೆಯುತ್ತೆ, ಕಸುಬು ಬೆಳೆದ ಕಡೆ ಹೆಸರು ಬರೆಯುವ ಧೈರ್ಯ ಬರುತ್ತೆ.

ಗೊಮ್ಮಟನ ಪಾದದ ಬಳಿಯ ಬರಹವನ್ನು ನೆನಪಿಸಿಕೊಳ್ಳಿ. ಕನ್ನಡದಲ್ಲೂ ತಮಿಳಿನಲ್ಲೂ ಇರುವ ಆ ಸಾಲುಗಳು ಹೇಳುವುದು ಚಾವುಂಡರಾಜ ಮಾಡಿಸಿದ ಅಂತ. ಮಾಡಿಸಿದವನ ಹೆಸರಿದೆ. ಮಾಡಿದವನ ಹೆಸರು ಆ ಸಾಲಿನಲ್ಲಿಲ್ಲ. ಅದು ಹತ್ತನೇ ಶತಮಾನದ ಕೊನೆಯ ಮಾತು. ಸುಮಾರು ನೂರೈವತ್ತು ವರ್ಷದ ನಂತರ, ಎದುರಿನ ಚಿಕ್ಕಬೆಟ್ಟದಲ್ಲಿ, ಮಾಡಿಸಿದ ಎಂಬುದರ ಜೊತೆಗೆ ಬರೆದಂ, ಕಂಡರಿಸಿದಂ ಎಂಬ ಕ್ರಿಯಾಪದಗಳು ನಿಯಮಿತವಾಗಿ ಕಾಣಿಸುತ್ತವೆ. ನನ್ನ ಮಟ್ಟಿಗೆ ಹೊಯ್ಸಳ ಶಿಲ್ಪದ ಚರಿತ್ರೆಯಲ್ಲಿ ಇದು ಮದನಿಕೆಗಳಷ್ಟೇ ದೊಡ್ಡ ಘಟನೆ.

ಗಂಗಾಚಾರಿಯ ಕೈ ಎಲ್ಲಿದೆ?

ಪಾರ್ಶ್ವನಾಥ ಬಸದಿಯ ನವರಂಗದಲ್ಲಿರುವುದು ಮಲ್ಲಿಷೇಣ ಪ್ರಶಸ್ತಿ. ಮಲ್ಲಿಷೇಣ ಮಲಧಾರಿದೇವ 1129ರಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಕಂಬದ ನಾಲ್ಕೂ ಮುಖದಲ್ಲಿ ಬರಹ. ಭಾಷೆ ಬಹುತೇಕ ಸಂಸ್ಕೃತ, ಲಿಪಿ ಕನ್ನಡ. ಸಮಂತಭದ್ರ, ಅಕಲಂಕ ಮೊದಲಾದ ಗುರುಗಳ ಸಾಲೇ ಅಲ್ಲಿದೆ. ಜೈನ ಗುರುಪರಂಪರೆಯ ಚರಿತ್ರೆ ಬರೆಯುವವರು ಈ ಕಂಬವನ್ನು ಬಿಟ್ಟು ಬರೆಯುವ ಹಾಗಿಲ್ಲ. ರೈಸ್ ಅವರ ಸಂಖ್ಯೆಯಲ್ಲಿ ಇದು 54. ಪಂಡಿತರು ಈ ಕಂಬವನ್ನು ನೂರು ವರ್ಷಕ್ಕೂ ಮೇಲೆ ಓದುತ್ತಿದ್ದಾರೆ. ಆದರೆ ಓದು ಹೆಚ್ಚಾಗಿ ಗುರುಗಳ ಹೆಸರಿಗೇ ನಿಂತುಬಿಡುತ್ತೆ. ನಾವು ಕೊನೆಯ ಸಾಲಿಗೆ ಬರೋಣ.

ಕೊನೆಯಲ್ಲಿ ಎರಡು ಹೆಸರು. ಬರೆದವನು ಮಲ್ಲಿನಾಥ, ಅವನ ಬಿರುದು ಲೇಖಕಮದನಮಹೇಶ್ವರ. ಕಂಡರಿಸಿದವನು ಗಂಗಾಚಾರಿ, ಅವನ ಬಿರುದು ಬಿರುದರೂವಾರಿಮುಖತಿಲಕ. ಬಿರುದು ಹೊತ್ತ ರೂವಾರಿಗಳ ಮುಖಕ್ಕೆ ತಿಲಕ ಇದ್ದಂತೆ ಎಂದು ಅರ್ಥ.

ಇಲ್ಲಿ ನಮ್ಮ ಮೆಚ್ಚುಗೆ ಸಾಮಾನ್ಯವಾಗಿ ದಾರಿ ತಪ್ಪುತ್ತೆ. ಕಂಬದ ಫೋಟೊ ಹಾಕಿ, ಗಂಗಾಚಾರಿಯ ಅಕ್ಷರ ಎಷ್ಟು ಮುದ್ದಾಗಿದೆ ನೋಡಿ ಅಂತ ಬರೀತೀವಿ. ಶಾಸನವೇ ಬೇರೆ ಹೇಳ್ತಿದೆಯಲ್ಲ! ಅಕ್ಷರದ ರೂಪ, ಸಾಲಿನ ಹಂಚಿಕೆ, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ: ಇವು ಬರೆದವನ ಕೆಲಸ. ಆಳ, ಅಂಚು, ಕೊರೆತದ ಸಮತೆ: ಇವು ಕಂಡರಿಸಿದವನ ಕೆಲಸ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಡ್ರಾಯಿಂಗ್ ಮಲ್ಲಿನಾಥನದು, ಎಕ್ಸಿಕ್ಯೂಷನ್ ಗಂಗಾಚಾರಿಯದು. ಸೈಟ್ ಕೆಲಸ ಮಾಡಿದವರಿಗೆ ಈ ವ್ಯತ್ಯಾಸ ಗೊತ್ತು. ಒಳ್ಳೆಯ ಡ್ರಾಯಿಂಗನ್ನು ಕೆಟ್ಟ ಕೈ ಹಾಳು ಮಾಡಬಹುದು. ಕೆಟ್ಟ ಡ್ರಾಯಿಂಗನ್ನು ಒಳ್ಳೆಯ ಕೈ ಪೂರ್ತಿ ಉಳಿಸಲಾರದು.

ಹಾಗಾದರೆ ಗಂಗಾಚಾರಿಯ ಹೆಚ್ಚುಗಾರಿಕೆ ಏನು? ನಾಲ್ಕು ಮುಖದ ಉದ್ದಕ್ಕೂ ಕೈ ಒಂದೇ ಹದದಲ್ಲಿ ಇರುವುದು. ಕಾಗದದ ಮೇಲೆ ತಪ್ಪಿದರೆ ಹೊಡೆದುಹಾಕಬಹುದು, ಕಲ್ಲಿನಲ್ಲಿ ಚಕ್ಕೆ ಎದ್ದರೆ ಎದ್ದಂತೆಯೇ. ಸಂಸ್ಕೃತದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಕೆಳಸಾಲಿನ ತಲೆಕಟ್ಟು ಮೇಲಕ್ಕೆ ಏರುತ್ತೆ. ಇವೆರಡರ ನಡುವೆ ಉಳಿಯುವ ಕಲ್ಲಿನ ಪಟ್ಟಿ ತೀರಾ ಕಿರಿದು. ಅಲ್ಲಿ ಉಳಿಯ ಪೆಟ್ಟು ಸ್ವಲ್ಪ ಜೋರಾದರೂ ಎರಡು ಸಾಲು ಒಂದಾಗುತ್ತೆ. ಬಸದಿಯ ಒಳಗಿನ ಕಂಬವಾದ್ದರಿಂದ ಮಳೆ ಬಿಸಿಲು ತಾಗಿಲ್ಲ ನಿಜ. ಆದರೆ ಇಂದಿಗೂ ಅದನ್ನು ಟಾರ್ಚ್ ಓರೆಯಾಗಿ ಹಿಡಿದು ಸರಾಗವಾಗಿ ಓದಬಹುದು ಎಂದರೆ ಆ ಶ್ರೇಯ ಕೊರೆತಕ್ಕೆ ಸಲ್ಲಬೇಕು.

ಈಗ ಬಿರುದಿನ ವಿಷಯ. ಅದೇ ವರ್ಷಗಳ ಬೆಳಗೊಳದ ಇನ್ನೊಂದು ಸ್ಮಾರಕವನ್ನು ಕಂಡರಿಸಿದವನು ಹೊಯ್ಸಳಾಚಾರಿಯ ಮಗ ವರ್ಧಮಾನಾಚಾರಿ. ಅವನಿಗೂ ಬಿರುದರೂವಾರಿಮುಖತಿಲಕ ಎಂಬುದೇ ವಿಶೇಷಣ. ಬೇಲೂರಿನ ಚಾವಣನಿಗೆ ಬಿರುದರೂವಾರಿಗಳೆಂಬ ಮನ್ಮಥರಿಗೆ ಮಹೇಶ್ವರ ಎಂಬ ಅರ್ಥದ ಬಿರುದು. ಲೇಖಕ ಮಲ್ಲಿನಾಥನಿಗೂ ಅದೇ ಅಚ್ಚಿನ ಬಿರುದು, ರೂವಾರಿಯ ಬದಲು ಲೇಖಕ ಎಂದಿದೆ, ಅಷ್ಟೆ. ಆದ್ದರಿಂದ ಈ ಬಿರುದುಗಳನ್ನು ಓದಿ, ಇವನೇ ತನ್ನ ಕಾಲದ ಅತಿ ಶ್ರೇಷ್ಠ ಶಿಲ್ಪಿ ಅಂತ ತೀರ್ಪು ಕೊಡುವುದು ಸರಿಯಲ್ಲ. ಇಬ್ಬರ ಹಣೆಗೂ ಒಂದೇ ತಿಲಕ ಇದ್ದಾಗ ತಿಲಕದಿಂದ ಯಾರು ಹೆಚ್ಚು ಅಂತ ಅಳೆಯಲಾಗದು. ಬಿರುದು ಹೇಳುವುದು ಪೈಪೋಟಿ ಇದ್ದ ಕಸುಬನ್ನು, ಕಸುಬಿಗಿದ್ದ ಮಾನವನ್ನು. ಕೆಲಸದ ಗುಣವನ್ನು ನಾವು ಕಲ್ಲು ನೋಡಿಯೇ ಹೇಳಬೇಕು.

ಗಂಗಾಚಾರಿಯೇ ನಾಣ್ಯದ ಅಚ್ಚನ್ನೂ ಕೊರೆದಿರಬಹುದಲ್ಲವೇ ಎಂಬ ಆಸೆ ಹುಟ್ಟುವುದು ಸಹಜ. ಕಾಲ ಒಂದೇ, ಗಂಗರಾಜನ ಬಳಗ ಒಂದೇ. ಆದರೆ ಈ ಸೇತುವೆಗೆ ಕಂಬ ಇಲ್ಲ. ಕಮ್ಮಟದ ಕೆಲಸ ಲೋಹದ್ದು, ಅಕ್ಕಸಾಲೆಯ ಬಳಗದ್ದು. ರೂವಾರಿಯದು ಕಲ್ಲು. ಎರಡೂ ಕಡೆ ಹಂಚಿಕೊಂಡಿರುವುದು ಚಿಹ್ನೆಗಳನ್ನು. ನಾಣ್ಯದ ಮೇಲಿನ ಸೂರ್ಯ ಚಂದ್ರ ವೀರಗಲ್ಲಿನ ನೆತ್ತಿಯಲ್ಲೂ ಇದ್ದಾರೆ, ದಾನಶಾಸನದ ತಲೆಯಲ್ಲೂ ಇದ್ದಾರೆ. ಚಂದ್ರಾರ್ಕರು ಇರುವವರೆಗೆ ಈ ಮಾತು ನಡೆಯಲಿ ಎಂಬುದೇ ಮೂರರ ಒಕ್ಕಣೆ. ಚಿಹ್ನೆ ಒಂದೇ ಆದ ಮಾತ್ರಕ್ಕೆ ಕೈ ಒಂದೇ ಆಗುವುದಿಲ್ಲ.

ಮಲ್ಲಿತಮ್ಮ: ಅರವತ್ತೆರಡು ವರ್ಷದ ಸಹಿ

ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇನ್ನೊಂದು ಊರು ನುಗ್ಗೇಹಳ್ಳಿ. ಬೊಮ್ಮಣ್ಣ ದಂಡನಾಯಕ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಹೊರಗೋಡೆಯ ಒಂದು ಬದಿಯ ವಿಗ್ರಹಗಳಲ್ಲಿ ನಂದಿಯ ಬೈಚೋಜನ ಹೆಸರು, ಇನ್ನೊಂದು ಬದಿಯಲ್ಲಿ ಮಲ್ಲಿತಮ್ಮನ ಹೆಸರು. ಒಂದೇ ದೇವಾಲಯ, ಒಂದೇ ಕಲ್ಲು, ಒಂದೇ ವಿಷಯ, ಕೈ ಮಾತ್ರ ಎರಡು. ಹೊಯ್ಸಳ ಶಿಲ್ಪಿಗಳನ್ನು ಹೋಲಿಸಿ ವಿಮರ್ಶೆ ಮಾಡಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ನನಗೆ ಗೊತ್ತಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ. ಆ ಮೂರನ್ನು ನೋಡಿ ಮುಗಿಸಿದೆವು ಅನ್ನುವವರು ಹಾಸನ ಜಿಲ್ಲೆಗೆ ಬಂದು ನುಗ್ಗೇಹಳ್ಳಿ ನೋಡದೇ ಹೋಗಬಾರದು.

ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲಿ ಸಿಗುತ್ತೆ, 1258ರ ಸೋಮನಾಥಪುರದಲ್ಲೂ ಸಿಗುತ್ತೆ. ಸೋಮನಾಥಪುರದಲ್ಲಿ ಸುಮಾರು ನಲವತ್ತು ವಿಗ್ರಹಗಳು ಅವನ ಹೆಸರಿನಲ್ಲಿವೆ ಎಂದು ನರಸಿಂಹಾಚಾರ್ ಲೆಕ್ಕ ಹಾಕಿದ್ದರು. ಮೊದಲನೆಯದಕ್ಕೂ ಕೊನೆಯದಕ್ಕೂ 62 ವರ್ಷ. ಅಮೃತಾಪುರದಲ್ಲಿ ಇಪ್ಪತ್ತರ ಹುಡುಗ ಅಂದುಕೊಂಡರೂ ಸೋಮನಾಥಪುರದಲ್ಲಿ ಎಂಬತ್ತೆರಡರ ಮುದುಕ. ಸಾಧ್ಯವಿಲ್ಲ ಅಂತ ಹೇಳಲಾರೆ. ಆದರೆ ನಲವತ್ತು ವಿಗ್ರಹ? ಆ ವಯಸ್ಸಿನಲ್ಲಿ?

ಸಾಮಾನ್ಯವಾಗಿ ಇದನ್ನು ಒಬ್ಬ ಮಹಾಶಿಲ್ಪಿಯ ಆರು ದಶಕದ ಸಾಧನೆ ಅಂತ ಓದ್ತಾರೆ. ನನ್ನ ಓದು ಬೇರೆ. ಬಳ್ಳಿಗಾವೆಯ ದಾಸೋಜನ ಮಗ ಚಾವಣ ಸಹಿ ಹಾಕುವಾಗ ಊರು, ತಂದೆ, ಬಿರುದು ಎಲ್ಲವನ್ನೂ ಹೇಳಿಕೊಳ್ಳುತ್ತಾನೆ. ಅದು ಪರಿಚಯ. ಮಲ್ಲಿತಮ್ಮನದು ಬಹುತೇಕ ಬರೀ ಹೆಸರು, ಅದೂ ವಿಗ್ರಹದಿಂದ ವಿಗ್ರಹಕ್ಕೆ ಮತ್ತೆ ಮತ್ತೆ. ಒಂದೇ ಗೋಡೆಯಲ್ಲಿ ಹತ್ತಾರು ಕಡೆ ಹೆಸರು ಬರೆಯಬೇಕಾದ ಅಗತ್ಯ ಕೀರ್ತಿಗಿಂತ ಲೆಕ್ಕಕ್ಕೆ ಹೆಚ್ಚು ಹೊಂದುತ್ತೆ. ಯಾವ ತುಂಡು ಯಾರ ತಂಡದ್ದು, ಯಾರಿಗೆ ಎಷ್ಟು ಸಲ್ಲಬೇಕು ಎಂಬ ಗುರುತು ಅದು. ಇವತ್ತಿನ ಕೆಲಸದಲ್ಲಿ ಮೆಷರ್‌ಮೆಂಟ್ ಬುಕ್ ಇದೆಯಲ್ಲ, ಹಾಗೆ. ಆಗ ಮಲ್ಲಿತಮ್ಮ ಎಂಬುದು ಒಬ್ಬ ಮನುಷ್ಯನಿಂದ ಶುರುವಾಗಿ, ಅವನ ಕೈಕೆಳಗಿನ ತಂಡದ ಹೆಸರಾಗಿ ಬೆಳೆದಿರಬಹುದು.

ಹೀಗೆ ಓದಿದರೆ ಮಲ್ಲಿತಮ್ಮ ಚಿಕ್ಕವನಾಗುತ್ತಾನೆ ಅಂತ ಕೆಲವರಿಗೆ ಬೇಸರವಾಗುತ್ತೆ. ನನಗೆ ಹಾಗನ್ನಿಸೋದಿಲ್ಲ. ಆರು ದಶಕ ಒಂದು ಹೆಸರಿನ ಕೆಳಗೆ ಕೆಲಸದ ಮಟ್ಟವನ್ನು ಹಿಡಿದಿಡುವುದು, ಊರಿಂದೂರಿಗೆ ತಂಡ ಕಟ್ಟಿಕೊಂಡು ಹೋಗುವುದು, ಒಬ್ಬನೇ ಕೂತು ಒಂದು ಮೇರುಕೃತಿ ಕಡೆಯುವುದಕ್ಕಿಂತ ಸುಲಭದ ಕೆಲಸವಲ್ಲ.

ಪಶ್ಚಿಮದ ಒಂದು ಹೋಲಿಕೆ

ನಾಣ್ಯವನ್ನೂ ಸ್ಮಾರಕವನ್ನೂ ಒಬ್ಬನೇ ಶಿಲ್ಪಿ ಮಾಡುವ ಪದ್ಧತಿಯನ್ನು ಸ್ಪಷ್ಟವಾಗಿ ನೋಡಬೇಕಾದರೆ ಬ್ರಿಟಿಷರ ಕಾಲಕ್ಕೆ ಬರಬೇಕು. ಮೆಲ್ಬರ್ನ್‌ನಲ್ಲಿ 1863ರಲ್ಲಿ ಹುಟ್ಟಿದ ಬರ್ಟ್ರಮ್ ಮ್ಯಾಕೆನ್ನಲ್ ಐದನೇ ಜಾರ್ಜ್ ದೊರೆಯ ನಾಣ್ಯದ ಮುಖವನ್ನು ರೂಪಿಸಿದವನು. ವಿಂಡ್ಸರ್‌ನಲ್ಲಿ ಏಳನೇ ಎಡ್ವರ್ಡ್‌ನ ಸಮಾಧಿಶಿಲ್ಪ, ಸಿಡ್ನಿಯ ಯುದ್ಧಸ್ಮಾರಕದ ಪ್ರತಿಮೆಗಳು ಕೂಡ ಅವನವೇ. ಬ್ರಿಟನ್ನಿನ ನಾಣ್ಯದಲ್ಲಿ ದೊರೆಯ ಕುತ್ತಿಗೆ ಕಡಿದ ಅಂಚಿನಲ್ಲಿ ಬಿ.ಎಂ. ಎಂಬ ಎರಡು ಅಕ್ಷರ ಇರುತ್ತೆ. ಅದಕ್ಕೂ ಹಿಂದೆ, 1840ರ ವಿಕ್ಟೋರಿಯಾ ರೂಪಾಯಿಯಲ್ಲಿ ಡಬ್ಲ್ಯು.ಡಬ್ಲ್ಯು. ಎಂದು ವಿಲಿಯಂ ವಯನ್‌ನ ಗುರುತು ಇದೆ. ನಮ್ಮ ಊರಿನ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಈ ರೂಪಾಯಿ ಇದ್ದರೆ ಭೂತಗನ್ನಡಿ ಹಿಡಿದು ನೋಡಿ.

ಮ್ಯಾಕೆನ್ನಲ್‌ನ 1911ರ ರೂಪಾಯಿಯ ಕಥೆ ಗೊತ್ತಿರಬಹುದು. ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆಯಾಯಿತು. 1912ರಲ್ಲಿ ಸೊಂಡಿಲನ್ನು ಸ್ಪಷ್ಟವಾಗಿ ತಿದ್ದಿ ಹೊಸ ನಾಣ್ಯ ಹೊರಡಿಸಬೇಕಾಯಿತು. ನಾಣ್ಯದ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಡ. ಸ್ಮಾರಕದಲ್ಲಿ ಕ್ಷಮೆ ಸಿಗುವ ಅಸ್ಪಷ್ಟತೆ ನಾಣ್ಯದಲ್ಲಿ ಸಿಗುವುದಿಲ್ಲ. ಆ ಪರೀಕ್ಷೆಯಲ್ಲಿ ನಮ್ಮ ತಳಕಾಡುಗೊಂಡದ ಸಿಂಹ ಪಾಸಾಗಿದೆ. ಒಂಬೈನೂರು ವರ್ಷದ ಮೇಲೂ ಅದನ್ನು ಇನ್ನೊಂದು ಪ್ರಾಣಿ ಅನ್ನುವವರಿಲ್ಲ.

ಸ್ವತಂತ್ರ ಭಾರತದ ನಾಣ್ಯಗಳು ಮತ್ತೆ ಹೊಯ್ಸಳರ ದಾರಿಗೇ ಬಂದಿವೆ: ವಿನ್ಯಾಸಕನ ಗುರುತು ಇಲ್ಲ. ರೂಪಾಯಿ ಚಿಹ್ನೆಯನ್ನು ಬರೆದವರು ಡಿ. ಉದಯಕುಮಾರ್ ಅಂತ ನಮಗೆ ಗೊತ್ತಿರುವುದು 2010ರ ಸ್ಪರ್ಧೆಯ ಸುದ್ದಿಯಿಂದ, ನಾಣ್ಯದಿಂದಲ್ಲ.

ಇವತ್ತಿನ ಸ್ಮಾರಕ ಯಾರದು?

ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ, ಹೇಮಾವತಿಗೂ ಕಾವೇರಿಗೂ ನಡುವಿನ ಹಳ್ಳಿಗಳಲ್ಲಿ ಓಡಾಡಿದವರಿಗೆ ಕೆರೆ ಏರಿಯ ಮೇಲೆ, ಊರ ಬಾಗಿಲಲ್ಲಿ, ಮಾರಿಗುಡಿಯ ಪಕ್ಕದಲ್ಲಿ ವೀರಗಲ್ಲುಗಳು ಸಿಕ್ಕೇ ಸಿಗುತ್ತವೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರುಗೊಳ್‌ನಲ್ಲೋ ಊರಳಿವಿನಲ್ಲೋ ಸತ್ತವನ ನೆನಪು ಅದು. ಬರಹ ಇರುವ ಕಲ್ಲುಗಳಲ್ಲೂ ವೀರನ ಹೆಸರು ಮೊದಲು, ನಿಲ್ಲಿಸಿದವರ ಹೆಸರು ಆಮೇಲೆ. ಮಾಡಿದವನ ಹೆಸರು ಇದ್ದರೆ ಅದು ಕಟ್ಟಕಡೆಗೆ, ನೆಲಕ್ಕೆ ಹತ್ತಿರದ ಪಟ್ಟಿಯಲ್ಲಿ. ರಸ್ತೆ ಎತ್ತರಿಸಿದಾಗ ಮೊದಲು ಮುಚ್ಚಿಹೋಗುವುದು, ಬುಡಕ್ಕೆ ಸಿಮೆಂಟ್ ಹಾಕಿದಾಗ ಮೊದಲು ಮಾಯವಾಗುವುದು, ಸುಣ್ಣ ಬಣ್ಣ ಬಳಿದಾಗ ಮೊದಲು ತುಂಬಿಹೋಗುವುದು ಅದೇ ಪಟ್ಟಿ. ಸತ್ತವನ ಚಿತ್ರ ಉಳಿಯುತ್ತೆ, ಮಾಡಿದವನು ಎರಡನೇ ಸಲ ಸಾಯುತ್ತಾನೆ.

ಇನ್ನು ನಮ್ಮ ಕಾಲದ ಸ್ಮಾರಕಗಳು. ಯಾವ ಊರಿನ ಸರ್ಕಲ್‌ಗಾದರೂ ಹೋಗಿ, ಪ್ರತಿಮೆಯ ಕೆಳಗಿನ ಗ್ರಾನೈಟ್ ಫಲಕವನ್ನು ಶಾಸನದ ಹಾಗೆ ಓದಿ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ತಾರೀಖು ಎಲ್ಲ ಇರುತ್ತೆ. ಶಿಲ್ಪಿಯ ಹೆಸರಿಗೆ ಹುಡುಕಬೇಕು, ಹೆಚ್ಚಿನ ಕಡೆ ಹುಡುಕಿದರೂ ಸಿಗುವುದಿಲ್ಲ. 1129ರಲ್ಲಿ ಒಂದು ಧಾರ್ಮಿಕ ಸ್ಮಾರಕ ತನ್ನನ್ನು ಬರೆದವನಿಗೂ ಕೊರೆದವನಿಗೂ ಬಿರುದು ಸಮೇತ ಜಾಗ ಕೊಟ್ಟಿತ್ತು. ನಾವು ಮತ್ತೆ ಬರೀ ಮಾಡಿಸಿದಂ ಎನ್ನುವ ಕಾಲಕ್ಕೆ ವಾಪಸು ಹೋಗಿದ್ದೇವೆ. ನೂರು ವರ್ಷದ ನಂತರ ಯಾರಾದರೂ ಈ ಪ್ರತಿಮೆಗಳ ಶಿಲ್ಪಿಯ ಬಗ್ಗೆ ಬರೆಯಹೊರಟರೆ ಅವರಿಗೆ ಒಂದು ಕೊನೆಯ ಸಾಲೂ ಸಿಗದು. ಆಗ ಮತ್ತೊಬ್ಬ ಜಕಣಾಚಾರಿ ಹುಟ್ಟುತ್ತಾನೆ.

ಕ್ಷೇತ್ರಕಾರ್ಯಕ್ಕೆ ಹೋಗುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೆ. ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಕಾಲಂ ಹಾಕಿ: ಮಾಡಿಸಿದವರು, ರಚಿಸಿದವರು, ಬರೆದವರು, ಕಂಡರಿಸಿದವರು. ನಾಲ್ಕನ್ನೂ ಬೇರೆ ಬೇರೆ ತುಂಬಿ. ಖಾಲಿ ಉಳಿದ ಕಾಲಂ ಖಾಲಿಯೇ ಇರಲಿ, ಊಹೆಯಿಂದ ತುಂಬಬೇಡಿ. ವೀರಗಲ್ಲಿನ ಫೋಟೊ ತೆಗೆಯುವಾಗ ಮಂಡಿಯೂರಿ ಬುಡದ ಪಟ್ಟಿಯದೂ ಒಂದು ತೆಗೆಯಿರಿ, ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತಿನಲ್ಲಿ. ನಿಮ್ಮ ಊರಿನಲ್ಲಿ ಹೊಸ ಪ್ರತಿಮೆ ನಿಲ್ಲುತ್ತಿದ್ದರೆ, ಫಲಕ ಕೆತ್ತುವ ಮೊದಲೇ ಸಮಿತಿಯವರನ್ನು ಕೇಳಿ: ಸ್ವಾಮಿ, ಮಾಡಿದವರ ಹೆಸರು ಎಲ್ಲಿ ಹಾಕ್ತೀರಿ? ಹಾಕಲು ಒಂದು ಸಾಲು ಸಾಕು.